ಇಂಗ್ಲಿಷ್ ಮತ್ತು ಅಮೆರಿಕನ್ ಸ್ಟಡೀಸ್ ಸೇರಬೇಕೆಂದಿದ್ದೇನೆ: ಆ ವಿಭಾಗದಲ್ಲಿ ನಿಜವಾಗಿ ಏನು ಓದಿಸುತ್ತಾರೆ?

ಓದಿನ ದಾರಿ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ಅಮೆರಿಕನ್ ಸ್ಟಡೀಸ್ ತೆಗೆದುಕೊಳ್ಳಬೇಕು ಅಂತ ಮನಸ್ಸು ಮಾಡಿದ್ದೇನೆ. ಕಾದಂಬರಿ ಓದುವ ಹುಚ್ಚು ಮೊದಲಿನಿಂದಲೂ ಇದೆ. ಆದರೆ ವಿಭಾಗದ ಪಠ್ಯಕ್ರಮ ತೆಗೆದು ನೋಡಿದರೆ ಅರ್ಧಕ್ಕರ್ಧ ತಲೆಗೆ ಹೋಗಲಿಲ್ಲ. ಭಾಷಾವಿಜ್ಞಾನ ಅಂತ ಒಂದಿಷ್ಟು ಪೇಪರ್, ಸಾಹಿತ್ಯ ಅಂತ ಒಂದಿಷ್ಟು, ಕಲ್ಚರಲ್ ಸ್ಟಡೀಸ್ ಅಂತ ಇನ್ನೊಂದಿಷ್ಟು.

ಇದು ಇಂಗ್ಲಿಷ್ ಚೆನ್ನಾಗಿ ಮಾತಾಡಲು ಕಲಿಸುವ ಕೋರ್ಸಾ? ಅಮೆರಿಕನ್ ಸ್ಟಡೀಸ್ ಅಂದರೆ ಬರೀ ಅಮೆರಿಕದ ಸಾಹಿತ್ಯವಾ, ಇಲ್ಲ ಚರಿತ್ರೆ, ರಾಜಕೀಯ ಎಲ್ಲ ಬರುತ್ತಾ? ಇಂಗ್ಲಿಷ್ ಮನೆಮಾತಲ್ಲದ ನನ್ನಂಥವರಿಗೆ ಅಷ್ಟೊಂದು ಓದಿ ಮುಗಿಸಲು ಆಗುತ್ತಾ? ಅಲ್ಲಿ ಓದಿದವರು, ಕಲಿಸಿದವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ಅಡಿಟಿಪ್ಪಣಿ

ಮೊದಲನೇ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ: ಇಲ್ಲ. ಭಾಷಾಭ್ಯಾಸದ ತರಗತಿಗಳು ಇರುತ್ತವೆ ನಿಜ. ಪ್ರಬಂಧ ಬರೆಸುತ್ತಾರೆ, ಉಚ್ಚಾರ ತಿದ್ದುತ್ತಾರೆ, ಅನುವಾದ ಮಾಡಿಸುತ್ತಾರೆ. ಆದರೆ ವಿಭಾಗ ಇರುವುದು ಅದಕ್ಕೋಸ್ಕರವಲ್ಲ. ಇಂಗ್ಲಿಷ್ ನಿಮಗೆ ತಕ್ಕಮಟ್ಟಿಗೆ ಬರುತ್ತದೆ ಅಂದುಕೊಂಡೇ ಉಳಿದ ಪಾಠಗಳು ಶುರುವಾಗುತ್ತವೆ. ಓದಿ ಬರೆದು ವಾದ ಮಾಡುತ್ತಾ ಇದ್ದರೆ ಭಾಷೆ ತಾನಾಗಿ ಗಟ್ಟಿಯಾಗುತ್ತದೆ.

ಅಮೆರಿಕನ್ ಸ್ಟಡೀಸ್‌ನಲ್ಲಿ ಸಾಹಿತ್ಯ, ಚರಿತ್ರೆ, ರಾಜಕೀಯ, ಸಿನಿಮಾ, ಫೋಟೊ, ಧರ್ಮ, ಜಾಹೀರಾತು ಎಲ್ಲವೂ ಬರುತ್ತವೆ. ಆದರೆ ಒಂದೊಂದಕ್ಕೂ ಬೇರೆ ಬೇರೆ ಪೀರಿಯಡ್ ಇಟ್ಟ ಹಾಗಲ್ಲ. ಇದನ್ನು ಉದಾಹರಣೆ ಕೊಟ್ಟೇ ಹೇಳಬೇಕು.

ನಮ್ಮ ಒಂದು ಸೆಮಿನಾರಿನಲ್ಲಿ ಮೂರು ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಓದಿಸಿದರು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಒಂದು. 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ನಡೆದ ಮಹಿಳಾ ಹಕ್ಕುಗಳ ಸಮಾವೇಶದ ಘೋಷಣೆ ಇನ್ನೊಂದು. ಮೂರನೆಯದು 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ಫ್ರೆಡರಿಕ್ ಡಗ್ಲಸ್ ಮಾಡಿದ ಭಾಷಣ.

1776ರ ಪಠ್ಯದ ಸಮಾನತೆಯ ಸಾಲಿನಲ್ಲಿ ಹೆಂಗಸರ ಮಾತೇ ಇಲ್ಲ. ಸೆನೆಕಾ ಫಾಲ್ಸ್‌ನವರು ಅದೇ ಸಾಲನ್ನು ಎತ್ತಿಕೊಂಡು ಹೆಂಗಸರನ್ನೂ ಸೇರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಮೂಲದಲ್ಲಿ ಬ್ರಿಟನ್ನಿನ ದೊರೆ ಮಾಡಿದ ಅನ್ಯಾಯಗಳ ಉದ್ದ ಪಟ್ಟಿ ಇದೆಯಲ್ಲ, ಆ ಚೌಕಟ್ಟನ್ನು ಹಾಗೇ ಉಳಿಸಿಕೊಂಡು ದೊರೆಯ ಜಾಗದಲ್ಲಿ ಗಂಡಸನ್ನು ಕೂರಿಸಿದರು. ಮತ ಹಾಕುವ ಹಕ್ಕಿಲ್ಲ, ಮದುವೆಯಾದ ಮೇಲೆ ಆಸ್ತಿಯ ಹಕ್ಕಿಲ್ಲ ಎಂಬ ದೂರುಗಳು ಅದೇ ಧಾಟಿಯಲ್ಲಿ ಸಾಲಾಗಿ ಬರುತ್ತವೆ. ಅದಕ್ಕೆ 68 ಹೆಂಗಸರು, 32 ಗಂಡಸರು ಸಹಿ ಹಾಕಿದರು. ಆ 32 ಜನರಲ್ಲಿ ಡಗ್ಲಸ್ ಒಬ್ಬರು.

ನಾಲ್ಕು ವರ್ಷದ ಮೇಲೆ ಅದೇ ಡಗ್ಲಸ್ ಸ್ವಾತಂತ್ರ್ಯ ದಿನದ ಬಗ್ಗೆ ಮಾತಾಡಲು ನಿಂತಿದ್ದಾರೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಮನುಷ್ಯ. ಸಭೆಯನ್ನು ಸಹನಾಗರಿಕರೇ ಅಂತ ಕರೆಯುತ್ತಾರೆ. ಆದರೆ ದೇಶ ಕಟ್ಟಿದವರ ಮಾತು ಬಂದಾಗ ನಿಮ್ಮ ಹಿರಿಯರು, ನಿಮ್ಮ ರಾಷ್ಟ್ರ, ನಿಮ್ಮ ಸ್ವಾತಂತ್ರ್ಯ ಅಂತ ಮತ್ತೆ ಮತ್ತೆ ಹೇಳುತ್ತಾರೆ. ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ನಾವು ಪೆನ್ಸಿಲ್ ಹಿಡಿದು ಭಾಷಣದುದ್ದಕ್ಕೂ ಅಂಥ ಕಡೆಯಲ್ಲೆಲ್ಲ ಗೆರೆ ಎಳೆಯುತ್ತಾ ಹೋದೆವು. ಪುಟ ಪೂರ್ತಿ ಗೆರೆಗಳಾದವು. ಆಮೇಲೆ ಮೇಷ್ಟ್ರು 1776ರ ಘೋಷಣೆಗೆ ಜೆಫರ್ಸನ್ ಬರೆದ ಕರಡನ್ನು ಕೊಟ್ಟರು. ಅದರಲ್ಲಿ ಗುಲಾಮರ ವ್ಯಾಪಾರದ ಪಾಪವನ್ನು ದೊರೆಯ ತಲೆಗೆ ಕಟ್ಟುವ ಒಂದು ಇಡೀ ಪ್ಯಾರಾ ಇದೆ. ವಸಾಹತುಗಳ ಪ್ರತಿನಿಧಿಗಳ ಸಭೆಯಾಗಿದ್ದ ಕಾಂಗ್ರೆಸ್ ಅದನ್ನು ತೆಗೆದುಹಾಕಿತು. ಅದನ್ನು ಬರೆದವರ ಎಸ್ಟೇಟಿನಲ್ಲೇ ಗುಲಾಮರು ದುಡಿಯುತ್ತಿದ್ದರು.

ಇದು ಸಾಹಿತ್ಯದ ತರಗತಿಯಾ, ಚರಿತ್ರೆಯ ತರಗತಿಯಾ? ಎರಡೂ ಹೌದು. ಒಂದು ಪಠ್ಯದಿಂದ ಏನನ್ನು ತೆಗೆದರು, ಯಾರು ತೆಗೆದರು, ಮುಂದೆ ಬಂದವರು ಅದನ್ನು ಹೇಗೆ ತಿರುಗಿಸಿ ಬಳಸಿಕೊಂಡರು ಅಂತ ಕೇಳುವುದನ್ನು ಇಲ್ಲಿ ಕಲಿಸುತ್ತಾರೆ. ನನ್ನ ಮಟ್ಟಿಗೆ ವಿಭಾಗದ ಜೀವ ಇರುವುದೇ ಅಲ್ಲಿ.

ನಾದಲೋಕ

ಭಾಷಾವಿಜ್ಞಾನ ಅಂದರೆ ಎಲ್ಲರೂ ಹೆದರುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಧ್ವನಿಲಿಪಿಯ, ಅಂದರೆ ಉಚ್ಚಾರವನ್ನು ಇದ್ದ ಹಾಗೇ ಬರೆಯುವ ಲಿಪಿಯ, ಚಿಹ್ನೆಗಳನ್ನು ನೋಡಿ ಬಿಟ್ಟು ಓಡುವ ಯೋಚನೆ ಬಂದರೂ ಆಶ್ಚರ್ಯವಿಲ್ಲ. ಸ್ವಲ್ಪ ತಡೆದುಕೊಳ್ಳಿ. ಆ ಚಿಹ್ನೆಗಳು ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತವೆ. ಬರೆದ ಹಾಗೇ ಓದುವ ಲಿಪಿ ಗೊತ್ತಿರುವ ನಮಗೆ ಅದು ಇನ್ನೂ ಸುಲಭ.

ನನಗೆ ಈ ವಿಷಯದ ರುಚಿ ಹತ್ತಿದ್ದು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಅವರ ನ್ಯೂಯಾರ್ಕ್ ಅಧ್ಯಯನದಿಂದ. 1962ರಲ್ಲಿ ಅವರು ಮೂರು ದೊಡ್ಡ ಅಂಗಡಿಗಳನ್ನು ಆರಿಸಿಕೊಂಡರು. ಸಿರಿವಂತರು ಹೋಗುವ ಸ್ಯಾಕ್ಸ್, ಮಧ್ಯಮ ವರ್ಗದವರ ಮೇಸೀಸ್, ಕಡಿಮೆ ಬೆಲೆಯ ಎಸ್. ಕ್ಲೈನ್. ನಾಲ್ಕನೇ ಮಹಡಿಯಲ್ಲಿ ಸಿಗುತ್ತದೆ ಅಂತ ಮೊದಲೇ ಗೊತ್ತಿದ್ದ ಸಾಮಾನು ಎಲ್ಲಿದೆ ಅಂತ ಕೆಲಸದವರನ್ನು ಕೇಳುವುದು. ಅವರು "ಫೋರ್ತ್ ಫ್ಲೋರ್" ಅನ್ನುತ್ತಾರೆ. ಕೇಳಿಸಲಿಲ್ಲ ಅನ್ನುವ ಹಾಗೆ ಮುಂದೆ ಬಾಗಿ ಇನ್ನೊಮ್ಮೆ ಹೇಳಿಸುವುದು. ಆಮೇಲೆ ಮರೆಗೆ ಹೋಗಿ ಟಿಪ್ಪಣಿ ಮಾಡಿಕೊಳ್ಳುವುದು. ಆ ಎರಡು ಪದಗಳಲ್ಲಿ "ರ್" ಕೇಳಿಸಿತಾ ಇಲ್ಲವಾ, ಇಷ್ಟೇ ಪ್ರಶ್ನೆ. ಹೀಗೆ 264 ಜನರನ್ನು ಮಾತಾಡಿಸಿದರು. "ರ್" ಅತಿ ಹೆಚ್ಚು ಕೇಳಿಸಿದ್ದು ಸ್ಯಾಕ್ಸ್‌ನಲ್ಲಿ, ಅತಿ ಕಡಿಮೆ ಕ್ಲೈನ್‌ನಲ್ಲಿ. ಎರಡನೇ ಸಲ ಒತ್ತಿ ಹೇಳುವಾಗ ಜಾಸ್ತಿ ಜನ "ರ್" ಸೇರಿಸಿದರು.

ಈಗ ಇದರ ಪಕ್ಕದಲ್ಲಿ ಇಂಗ್ಲೆಂಡನ್ನು ಇಟ್ಟು ನೋಡಿ. ಅಲ್ಲಿ ಪ್ರತಿಷ್ಠೆಯ ಉಚ್ಚಾರದಲ್ಲಿ ಆ ಜಾಗದ "ರ್" ಕೇಳಿಸುವುದೇ ಇಲ್ಲ! ಹಾಗಾದರೆ ಆ ಸದ್ದಿನಲ್ಲಿ ದೊಡ್ಡದು, ಸಣ್ಣದು ಅಂತ ಏನೂ ಇಲ್ಲ. ಬೆಲೆ ಕಟ್ಟುವವರು ಜನ. ಬ್ರಿಟಿಷ್, ಅಮೆರಿಕನ್ ಎರಡನ್ನೂ ಒಂದೇ ವಿಭಾಗದಲ್ಲಿ ಓದುವುದರ ಲಾಭ ನನಗೆ ಹೊಳೆದದ್ದು ಆಗ.

ಇನ್ನೊಂದು ಹೇಳಲೇಬೇಕು. ಆಫ್ರಿಕನ್ ಅಮೆರಿಕನ್ ಇಂಗ್ಲಿಷ್‌ನಲ್ಲಿ "ಶಿ ಬಿ ವರ್ಕಿಂಗ್" ಅಂತ ಕೇಳಿದರೆ ವ್ಯಾಕರಣ ಬರುವುದಿಲ್ಲ ಅಂತ ನಗುವವರಿದ್ದಾರೆ. ಆದರೆ ಅದಕ್ಕೆ ಅದರದೇ ನಿಯಮ ಇದೆ. ಅಲ್ಲಿನ "ಬಿ" ರೂಢಿಯನ್ನು ಹೇಳುತ್ತದೆ, ಅವಳು ಯಾವಾಗಲೂ ಕೆಲಸ ಮಾಡುತ್ತಿರುತ್ತಾಳೆ ಅಂತ. ಈ ಕ್ಷಣ ಕೆಲಸದಲ್ಲಿದ್ದಾಳೆ ಅನ್ನಬೇಕಾದರೆ ಆ "ಬಿ" ಬರುವುದಿಲ್ಲ. ಇಷ್ಟು ಗೊತ್ತಾದ ಮೇಲೆ ಯಾರ ಮಾತನ್ನೂ ತಪ್ಪು ಇಂಗ್ಲಿಷ್ ಅಂತ ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಎಣಿಕೆ ಇಷ್ಟಪಡುವವರಿಗೆ ಕಾರ್ಪಸ್ ಪೇಪರ್ ಇದೆ. ಕಾರ್ಪಸ್ ಅಂದರೆ ಭಾಷೆಯ ಅಧ್ಯಯನಕ್ಕೆ ಕೂಡಿಹಾಕಿದ ಬರಹಗಳ ಸಂಗ್ರಹ. 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಬರಹಗಳಿಂದ ಸುಮಾರು 2000 ಪದಗಳ 500 ತುಣುಕುಗಳನ್ನು ಆರಿಸಿ ಬ್ರೌನ್ ಕಾರ್ಪಸ್ ಮಾಡಿದರು. ಒಟ್ಟು ಹತ್ತು ಲಕ್ಷ ಪದ. ಅದೇ ಅಳತೆಯಲ್ಲಿ, ಅದೇ 1961ರ ಬ್ರಿಟಿಷ್ ಬರಹಗಳಿಗೆ ಲ್ಯಾಂಕಾಸ್ಟರ್, ಓಸ್ಲೋ, ಬರ್ಗೆನ್ ಊರುಗಳ ವಿದ್ವಾಂಸರು ಸೇರಿ ಇನ್ನೊಂದು ಕಟ್ಟಿದರು. ಮೂವತ್ತು ವರ್ಷದ ನಂತರದ ಬರಹಗಳಿಗೂ ಇಂಥದೇ ಜೋಡಿ ಬಂತು. ನಾಲ್ಕನ್ನೂ ಹೋಲಿಸಿದರೆ "ಮಸ್ಟ್", "ಶಾಲ್" ಎರಡೂ ಇಳಿಮುಖವಾಗಿರುವುದು ಕಣ್ಣಿಗೇ ಕಾಣುತ್ತದೆ. ವಿದ್ಯಾರ್ಥಿಗಳೇ ಹುಡುಕಿ ಎಣಿಸಬಹುದು.

ಓದಿನ ದಾರಿ

ಅಡಿಟಿಪ್ಪಣಿ ಅವರೇ, ನಾದಲೋಕ ಅವರೇ, ತುಂಬಾ ಥ್ಯಾಂಕ್ಸ್. ಡಗ್ಲಸ್ ಭಾಷಣ ಹುಡುಕಿ ಅರ್ಧ ಓದಿದೆ. ನೀವು ಹೇಳಿದ್ದು ಕಾಣಿಸಿತು.

ಆದರೆ ಓದುವ ಪಟ್ಟಿ ನೋಡಿದರೆ ಭಯ ಆಗುತ್ತದೆ. ಒಂದೇ ಸೆಮಿಸ್ಟರಿಗೆ ದಪ್ಪ ದಪ್ಪ ಕಾದಂಬರಿಗಳು, ಮೇಲೆ ವಿಮರ್ಶೆಯ ಲೇಖನಗಳು. ಎಲ್ಲವನ್ನೂ ಪೂರ್ತಿ ಓದುತ್ತಾರಾ? ನಾನು ಇಂಗ್ಲಿಷ್ ಓದುವುದು ನಿಧಾನ.

ಪುಟಗುರುತು

ನಾನು ಸಾಹಿತ್ಯದ ಸೆಮಿನಾರ್ ನಡೆಸುತ್ತೇನೆ. ನಿಧಾನವಾಗಿ ಓದುವವರನ್ನು ಕಂಡರೆ ನನಗೆ ಖುಷಿ. ಓಟದಲ್ಲಿ ಓದಿದವರು ಕಥೆ ಹೇಳುತ್ತಾರೆ, ನಿಧಾನವಾಗಿ ಓದಿದವರು ಸಾಲು ತೋರಿಸುತ್ತಾರೆ. ಸೆಮಿನಾರಿಗೆ ಬೇಕಿರುವುದು ಎರಡನೆಯವರು.

ಕಾದಂಬರಿಯನ್ನು ಮಾತ್ರ ಪೂರ್ತಿ ಓದಿ. ಅದರಲ್ಲಿ ರಾಜಿ ಬೇಡ. ಸೆಮಿಸ್ಟರ್ ಶುರುವಾಗುವ ಮುಂಚೆ ರಜೆಯಲ್ಲೇ ದೊಡ್ಡದೊಂದನ್ನು ಮುಗಿಸಿಕೊಂಡರೆ ಉಸಿರಾಡಲು ಜಾಗ ಸಿಗುತ್ತದೆ. ವಿಮರ್ಶೆಯ ಲೇಖನದಲ್ಲಿ ಮೊದಲು ಆರಂಭ, ಕೊನೆ ಓದಿ ವಾದ ಏನು ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಆಮೇಲೆ ನಡುವಿನ ಭಾಗ. ಗೊತ್ತಿಲ್ಲದ ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ಎರಡು ಮೂರು ಸಲ ಎದುರಾದ ಪದವನ್ನು ಮಾತ್ರ ನೋಡಿ.

ಯಾವ ಪ್ರತಿ ಕೈಗೆತ್ತಿಕೊಂಡಿದ್ದೀರಿ ಅನ್ನುವುದೂ ಮುಖ್ಯ. ಇದನ್ನು ಹೊಸಬರಿಗೆ ಯಾರೂ ಒತ್ತಿ ಹೇಳುವುದಿಲ್ಲ. ಮೆಲ್ವಿಲ್ ಅವರ ಕಾದಂಬರಿ ಮೋಬಿ ಡಿಕ್ ಮೊದಲು ಅಚ್ಚಾದದ್ದು ಲಂಡನ್ನಿನಲ್ಲಿ, 1851ರ ಅಕ್ಟೋಬರಿನಲ್ಲಿ, ಮೂರು ಸಂಪುಟಗಳಲ್ಲಿ, "ದ ವೇಲ್" ಅನ್ನುವ ಹೆಸರಿನಲ್ಲಿ. ಮುಂದಿನ ತಿಂಗಳು ನ್ಯೂಯಾರ್ಕಿನ ಆವೃತ್ತಿ ಬಂತು. ಲಂಡನ್ ಪ್ರತಿಯಲ್ಲಿ ಧರ್ಮವನ್ನೂ ರಾಜಮನೆತನವನ್ನೂ ಕೆಣಕುವ ಎಷ್ಟೋ ಸಾಲುಗಳನ್ನು ಕತ್ತರಿಸಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಕೊನೆಯ ಪುಟ್ಟ ಉಪಸಂಹಾರವೇ ಬಿಟ್ಟುಹೋಗಿತ್ತು. ಕಥೆ ಹೇಳುವವನು ಒಬ್ಬನೇ ಬದುಕಿ ಉಳಿದ ಅಂತ ಗೊತ್ತಾಗುವುದೇ ಆ ಪುಟದಲ್ಲಿ. ಹಡಗು ಮುಳುಗಿ ಎಲ್ಲರೂ ಸತ್ತಮೇಲೆ ಈ ಕಥೆ ಹೇಳುತ್ತಿರುವವರು ಯಾರು ಅಂತ ಅಲ್ಲಿನ ವಿಮರ್ಶಕರು ಕೇಳಿದರು. ಸರಿಯಾದ ಪ್ರಶ್ನೆಯೇ! ಅವರ ಕೈಯಲ್ಲಿದ್ದ ಪುಸ್ತಕದಲ್ಲಿ ಉತ್ತರ ಇರಲಿಲ್ಲ. 1891ರಲ್ಲಿ ಮೆಲ್ವಿಲ್ ಸಾಯುವ ಹೊತ್ತಿಗೆ ಜನ ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. ಮತ್ತೆ ಎತ್ತಿ ಹಿಡಿದದ್ದು 1920ರ ದಶಕ.

ಎಮಿಲಿ ಡಿಕಿನ್ಸನ್ ಕಥೆಯೂ ಇಂಥದೇ. ಸುಮಾರು 1800 ಕವಿತೆ ಬರೆದವರು, ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1890ರಲ್ಲಿ ಬಂದ ಮೊದಲ ಸಂಕಲನದಲ್ಲಿ ಸಂಪಾದಕರು ಶೀರ್ಷಿಕೆ ಹಾಕಿದರು, ಪ್ರಾಸ ತಿದ್ದಿದರು, ಕವಿತೆಯ ತುಂಬಾ ಇದ್ದ ಅಡ್ಡಗೆರೆಗಳನ್ನು ತೆಗೆದು ಅಲ್ಪವಿರಾಮ ಇಟ್ಟರು. ಆ ಗೆರೆಗಳು ಓದುಗರಿಗೆ ಮರಳಿ ಸಿಕ್ಕಿದ್ದು ಥಾಮಸ್ ಜಾನ್ಸನ್ ಸಂಪಾದಿಸಿದ 1955ರ ಆವೃತ್ತಿಯಲ್ಲಿ. ನಾನು ತರಗತಿಯಲ್ಲಿ ಒಂದೇ ಕವಿತೆಯ ಎರಡೂ ರೂಪ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ಅಲ್ಪವಿರಾಮದ ರೂಪ ಹರಿದುಹೋಗುತ್ತದೆ. ಗೆರೆಯ ರೂಪದಲ್ಲಿ ಓದುವವರ ಉಸಿರು ಸಿಕ್ಕಿಕೊಳ್ಳುತ್ತದೆ, ಅಲ್ಲಲ್ಲಿ ಮುಂದೆ ಹೋಗಲೋ ಬೇಡವೋ ಅನ್ನುವ ಹಾಗಾಗುತ್ತದೆ. ಅದನ್ನು ಕಿವಿಯಾರೆ ಕೇಳಿದವರಿಗೆ ಕ್ಲೋಸ್ ರೀಡಿಂಗ್, ಅಂದರೆ ಸಾಲು ಸಾಲನ್ನೂ ಸೂಕ್ಷ್ಮವಾಗಿ ಓದುವುದು, ಅಂದರೇನು ಅಂತ ಬೇರೆ ವಿವರಿಸುವ ಕೆಲಸ ಇರುವುದಿಲ್ಲ. ಕೈಬರಹದ ಚಿತ್ರಗಳು ಈಗ ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಿವೆ, ಹುಡುಕಿ ನೋಡಿ.

ಬೇರು ಹುಡುಕುವವ

ಚರ್ಚೆ ಚೆನ್ನಾಗಿದೆ. ಆದರೆ ಒಂದು ಮಾತು ಎತ್ತಲೇಬೇಕು. ಇಂಗ್ಲೆಂಡ್, ಅಮೆರಿಕ ಅಂತ ಎರಡೇ ದೇಶದ ಹೆಸರು ವಿಭಾಗದ ಬಾಗಿಲ ಮೇಲೆ ಯಾಕೆ? ಇಂಗ್ಲಿಷ್‌ನಲ್ಲಿ ಬರೆಯುವವರು ಕೆರಿಬಿಯನ್‌ನಲ್ಲಿದ್ದಾರೆ, ಆಫ್ರಿಕಾದಲ್ಲಿದ್ದಾರೆ, ದಕ್ಷಿಣ ಏಷ್ಯಾದಲ್ಲಿದ್ದಾರೆ. ಅವರನ್ನೆಲ್ಲ ಪೋಸ್ಟ್‌ಕಲೋನಿಯಲ್ (ಹಿಂದೆ ವಸಾಹತುಗಳಾಗಿದ್ದ ನಾಡುಗಳ ಸಾಹಿತ್ಯ) ಅನ್ನುವ ಒಂದೇ ಪೇಪರಿಗೆ ತುಂಬಿ ಕೈತೊಳೆದುಕೊಳ್ಳುವ ಪಠ್ಯಕ್ರಮಗಳನ್ನು ನಾನು ನೋಡಿದ್ದೇನೆ. ಷೇಕ್ಸ್‌ಪಿಯರ್‌ಗೆ ಒಂದು ಇಡೀ ಸೆಮಿಸ್ಟರ್, ಮೂರು ಖಂಡಗಳಿಗೆ ಸೇರಿ ಒಂದು ಸೆಮಿಸ್ಟರ್. ಇದು ನ್ಯಾಯವಾ?

1968ರಲ್ಲೇ ಕೀನ್ಯಾದ ನೈರೋಬಿಯಲ್ಲಿ ಗೂಗಿ, ಒವೂರ್ ಅನ್ಯುಂಬಾ, ತಬಾನ್ ಲೊ ಲಿಯೊಂಗ್ ಅನ್ನುವ ಅಧ್ಯಾಪಕರು ಮೂವರೂ ಸೇರಿ ಅಲ್ಲಿನ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗವನ್ನೇ ರದ್ದು ಮಾಡಿ ಅಂತ ಬರೆದುಕೊಟ್ಟರು. ಅವರು ಇಂಗ್ಲಿಷ್ ಪುಸ್ತಕ ಸುಡಿ ಅನ್ನಲಿಲ್ಲ. ತಮ್ಮ ನೆಲದ ಸಾಹಿತ್ಯ ನಡುವೆ ಇರಲಿ, ಮೌಖಿಕ ಪರಂಪರೆಯೂ ಬರಲಿ, ಉಳಿದದ್ದನ್ನು ಅದರ ಸುತ್ತ ಜೋಡಿಸೋಣ ಅಂದರು. ಆ ಬರಹ ಓದದೆ ಯಾರೂ ಈ ಪದವಿ ಮುಗಿಸಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಓದಿನ ದಾರಿ ಅವರೇ, ಸೇರುವ ಮುಂಚೆ ವಿಭಾಗದವರನ್ನೇ ಕೇಳಿ: ಈ ಎರಡು ದೇಶಗಳ ಆಚೆ ಎಷ್ಟು ಕಲಿಸುತ್ತೀರಿ, ಯಾರು ಕಲಿಸುತ್ತಾರೆ?

ಅಡಿಟಿಪ್ಪಣಿ

ಬೇರು ಅವರ ದೂರಿನಲ್ಲಿ ಸತ್ಯವಿದೆ. ಆದರೆ ಅಮೆರಿಕನ್ ಸ್ಟಡೀಸ್ ಹುಟ್ಟಿದ್ದೂ ಇಂಥದೇ ಒಂದು ಜಗಳದಿಂದ. ಅದನ್ನು ಮರೆಯಬಾರದು.

ಇಂಗ್ಲಿಷ್ ಸಾಹಿತ್ಯವೇ ವಿಶ್ವವಿದ್ಯಾಲಯದ ವಿಷಯವಾಗಿದ್ದು ತಡವಾಗಿ. ಆಕ್ಸ್‌ಫರ್ಡ್‌ನಲ್ಲಿ ಅದಕ್ಕೆ ಪ್ರತ್ಯೇಕ ಪದವಿ ಶುರುವಾದದ್ದು 1894ರಲ್ಲಿ, ಕೇಂಬ್ರಿಜ್‌ನಲ್ಲಿ 1917ರಲ್ಲಿ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲೂ ಇಂಗ್ಲಿಷ್ ವಿಭಾಗ ಅಂದರೆ ಮುಖ್ಯವಾಗಿ ಇಂಗ್ಲೆಂಡಿನ ಕವಿಗಳಾದ ಚಾಸರ್, ಮಿಲ್ಟನ್. ತಮ್ಮ ದೇಶದ ಲೇಖಕರು ಪಾಠಕ್ಕೆ ತಕ್ಕವರಲ್ಲ ಅಂತ ಅಲ್ಲಿನ ಪ್ರೊಫೆಸರುಗಳೇ ಅಂದುಕೊಂಡಿದ್ದ ಕಾಲ ಅದು. "ಅಮೆರಿಕನ್ ಲಿಟರೇಚರ್" ಅನ್ನುವ ವಿದ್ವತ್ ಪತ್ರಿಕೆ ಶುರುವಾದದ್ದೇ 1929ರಲ್ಲಿ. ಸಾಹಿತ್ಯವನ್ನೂ ಚರಿತ್ರೆಯನ್ನೂ ಸೇರಿಸಿ ಓದುವ ಕಾರ್ಯಕ್ರಮ ಹಾರ್ವರ್ಡ್‌ನಲ್ಲಿ 1937ರಲ್ಲಿ ಬಂತು. ಅಮೆರಿಕನ್ ಸ್ಟಡೀಸ್ ಅಸೋಸಿಯೇಷನ್ ಕಟ್ಟಿದ್ದು 1951ರಲ್ಲಿ.

ಹೊರಗಿನ ದೇಶಗಳಿಗೆ ಇದು ಹಬ್ಬಿದ್ದರ ಹಿಂದೆ ಎರಡನೇ ಮಹಾಯುದ್ಧ, ಶೀತಲಸಮರ ಎರಡೂ ಇವೆ. 1946ರಲ್ಲಿ ವಿದ್ವಾಂಸರ ವಿನಿಮಯದ ಫುಲ್‌ಬ್ರೈಟ್ ಯೋಜನೆ, 1947ರಲ್ಲಿ ಆಸ್ಟ್ರಿಯದಲ್ಲಿ ಸಾಲ್ಸ್‌ಬರ್ಗ್ ಸೆಮಿನಾರ್, 1954ರಲ್ಲಿ ಯುರೋಪಿನ ಅಮೆರಿಕನ್ ಸ್ಟಡೀಸ್ ಸಂಘ. ಅಮೆರಿಕಕ್ಕೆ ತನ್ನ ಬಗ್ಗೆ ಒಳ್ಳೆ ಮಾತು ಬೇಕಿತ್ತು, ಅದು ಗುಟ್ಟೇನಲ್ಲ. ಮೊದಲ ತಲೆಮಾರಿನ ವಿದ್ವಾಂಸರು ಗಡಿನಾಡು, ತೋಟ, ಯಂತ್ರ ಇಂಥ ಕೆಲವು ಚಿತ್ರಗಳನ್ನು ಹಿಡಿದು ಇಡೀ ದೇಶಕ್ಕೆ ಒಂದೇ ಮನಸ್ಸು ಇದ್ದ ಹಾಗೆ ಬರೆದರು. ಆ ಮನಸ್ಸಿನಲ್ಲಿ ಕಪ್ಪು ಜನ, ಮೂಲನಿವಾಸಿಗಳು, ಹೆಂಗಸರು ಎಲ್ಲಿ ಅಂತ 1960ರ ದಶಕದ ನಂತರ ಬಂದವರು ಕೇಳಿದರು. ಇವತ್ತು ಈ ವಿಷಯದಲ್ಲಿ ಅತಿ ಗಟ್ಟಿಯಾದ ಕೆಲಸ ನಡೆದಿರುವುದು ಅಂಥವರ ಕೈಯಲ್ಲೇ. ತಾನು ಹುಟ್ಟಿದ ಕಾರಣವನ್ನೇ ಹೀಗೆ ನಿಲ್ಲಿಸಿ ಕೇಳುವ ವಿಷಯ ನನಗೆ ಪ್ರೀತಿಯದ್ದು.

ಬೇರು ಹುಡುಕುವವ

ಚರಿತ್ರೆ ಒಪ್ಪಿದೆ. ಬಾಗಿಲ ಮೇಲಿನ ಹೆಸರಿನ ಬಗ್ಗೆ ಮಾತ್ರ ನನ್ನ ಮಾತು ಬದಲಾಗುವುದಿಲ್ಲ. ಪ್ರಶ್ನೆ ಕೇಳುವ ಹೊಸಬರು ಬಂದಾಗಲೆಲ್ಲ ಒಂದೊಂದು ಪೇಪರ್ ಸೇರಿಸಿ ಹಳೆಯ ಮನೆಯನ್ನು ಹಾಗೇ ಉಳಿಸಿಕೊಂಡರೆ ಸಾಲದು. ಕಡ್ಡಾಯ ಪೇಪರ್‌ಗಳಲ್ಲಿ ಯಾರು ಇದ್ದಾರೆ, ಐಚ್ಛಿಕದಲ್ಲಿ ಯಾರು ಇದ್ದಾರೆ ನೋಡಿ. ನಿಜ ಗೊತ್ತಾಗುವುದು ಅಲ್ಲಿ.

ಸಂಜೆ ಓದು

ಇಬ್ಬರ ಮಾತೂ ಕೇಳಿ ಖುಷಿಯಾಯಿತು. ನಾನು ಕೊನೆಯ ವರ್ಷದಲ್ಲಿದ್ದೇನೆ. ಹೊಸಬರಿಗೆ ನಿಜವಾಗಿ ಕಷ್ಟ ಆಗುವುದು ಟರ್ಮ್ ಪೇಪರ್, ಅದರ ಬಗ್ಗೆ ಬರೆಯುತ್ತೇನೆ.

ಲೆಕ್ಚರ್ ಅಂದರೆ ಕೂತು ಕೇಳುವುದು, ಕೊನೆಗೆ ಪರೀಕ್ಷೆ. ಸೆಮಿನಾರ್ ಹಾಗಲ್ಲ. ಚಿಕ್ಕ ಗುಂಪು, ಎಲ್ಲರೂ ಮಾತಾಡಬೇಕು, ಕೊನೆಗೆ ಹತ್ತು ಹದಿನೈದು ಪುಟದ ಸ್ವಂತ ಬರಹ ಕೊಡಬೇಕು. ಎಡವುವುದು ಎಲ್ಲಿ ಅಂದರೆ ವಿಷಯ ಆರಿಸುವುದರಲ್ಲಿ. ಅಮೆರಿಕನ್ ಕಾದಂಬರಿಯಲ್ಲಿ ಸ್ವಾತಂತ್ರ್ಯ, ಷೇಕ್ಸ್‌ಪಿಯರ್‌ನಲ್ಲಿ ಹೆಣ್ಣು, ಹೀಗೆ ಸಮುದ್ರವನ್ನೇ ಎತ್ತಿಕೊಂಡು ಬರುತ್ತಾರೆ. ಅದರ ಬದಲು ಒಂದು ಕಾದಂಬರಿಯಲ್ಲಿ ಬಾಗಿಲು ಹಾಕಿಕೊಳ್ಳುವ ದೃಶ್ಯ ಮೂರು ಕಡೆ ಬರುತ್ತದೆ ಅಂತಿಟ್ಟುಕೊಳ್ಳಿ. ಆ ಮೂರರಲ್ಲಿ ಒಳಗೆ ಯಾರು, ಹೊರಗೆ ಯಾರು, ಹೇಳುವ ದನಿ ಎಲ್ಲಿ ನಿಂತಿದೆ ಅಂತ ನೋಡಿದರೆ ಹದಿನೈದು ಪುಟ ಸಾಲುವುದಿಲ್ಲ. ಪ್ರಶ್ನೆ ಸಣ್ಣದಾದಷ್ಟೂ ಬರಹ ಗಟ್ಟಿ.

ಉಲ್ಲೇಖದ ಶಿಸ್ತನ್ನು ಮೊದಲ ದಿನದಿಂದಲೇ ಪಾಲಿಸಿ. ಸಾಹಿತ್ಯದಲ್ಲಿ ಹೆಚ್ಚಾಗಿ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಪದ್ಧತಿ, ಅದರ 9ನೇ ಆವೃತ್ತಿ 2021ರಲ್ಲಿ ಬಂದಿದೆ. ಭಾಷಾವಿಜ್ಞಾನದವರ ಪದ್ಧತಿ ಬೇರೆ ಇರಬಹುದು, ಕೇಳಿಕೊಳ್ಳಿ. ಟಿಪ್ಪಣಿ ಮಾಡುವಾಗಲೇ ಪುಟಸಂಖ್ಯೆ ಬರೆದಿಡಿ. ಕೊನೆಯ ರಾತ್ರಿ ಒಂದು ಸಾಲಿಗಾಗಿ ನಾಲ್ಕು ನೂರು ಪುಟ ತಡಕಾಡುವ ಗೋಳು ತಪ್ಪುತ್ತದೆ.

ಎಐ ಬಗ್ಗೆ ಯಾರಾದರೂ ಕೇಳುತ್ತಾರೆ, ಅದಕ್ಕೆ ಈಗಲೇ ಹೇಳುತ್ತೇನೆ. ಅದು ಇಲ್ಲದ ಲೇಖನಗಳನ್ನು ಇದೆ ಅಂತ ಹೇಳುತ್ತದೆ, ಲೇಖಕರು ಬರೆಯದ ಸಾಲನ್ನು ಅವರ ಬಾಯಿಗೆ ಹಾಕುತ್ತದೆ. ನಿಯಮ ಒಂದೊಂದು ಕಡೆ ಒಂದೊಂದು ಥರ, ಬರೆಯುವ ಮುಂಚೆ ಮೇಷ್ಟ್ರನ್ನು ಕೇಳಿ. ಆದರೆ ನಿಯಮ ಬಿಡಿ, ಓದುವ ಸುಖವನ್ನೇ ಬೇರೆಯವರಿಗೆ ಕೊಟ್ಟ ಮೇಲೆ ಈ ವಿಭಾಗಕ್ಕೆ ಬಂದದ್ದಾದರೂ ಯಾಕೆ, ಅಲ್ವಾ?

ನಾದಲೋಕ

ಸಂಜೆ ಓದು ಅವರ ಮಾತಿಗೆ ಒಂದು ಸೇರಿಸುತ್ತೇನೆ. ದುಡ್ಡು ಕೊಡದೆ ಸಿಗುವ ಮೂಲ ಸಾಮಗ್ರಿ ಈ ವಿಷಯದಲ್ಲಿ ರಾಶಿ ಇದೆ. ಪುಸ್ತಕಗಳನ್ನು ಪುಕ್ಕಟೆ ಓದಲು ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಶುರುವಾದದ್ದೇ 1971ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿಗೆ ಹಾಕುವುದರಿಂದ. ಹಳೆಯ ಅಮೆರಿಕನ್ ಪತ್ರಿಕೆಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ತಾಣದಲ್ಲಿ ತೆರೆದಿಟ್ಟಿದೆ.

ಅಲ್ಲೇ ಇನ್ನೊಂದು ಸಂಗ್ರಹ ಇದೆ, ಓದಿದರೆ ನಿದ್ದೆ ಬರುವುದಿಲ್ಲ. 1936ರಿಂದ 1938ರವರೆಗೆ ಸರ್ಕಾರದ ಬರಹಗಾರರ ಯೋಜನೆಯಲ್ಲಿ, ಹಿಂದೆ ಗುಲಾಮರಾಗಿದ್ದ ವಯಸ್ಸಾದವರನ್ನು ಮಾತಾಡಿಸಿ ಬರೆದುಕೊಂಡರು. 2300ಕ್ಕಿಂತ ಹೆಚ್ಚು ಜನರ ಮಾತು ಅಲ್ಲಿದೆ. ಆದರೆ ಓದುವಾಗ ಎಚ್ಚರ ಬೇಕು. ಮಾತಾಡಿಸಿದವರಲ್ಲಿ ಹೆಚ್ಚಿನವರು ಬಿಳಿಯರು, ಜಾಗ ಜನಾಂಗಭೇದ ತುಂಬಿದ ದಕ್ಷಿಣ, ಎದುರಿಗೆ ಕೂತವರು ಬಡವರು, ಮುದುಕರು. ಎಲ್ಲವನ್ನೂ ಬಾಯಿಬಿಟ್ಟು ಹೇಳುವ ಸ್ಥಿತಿ ಅಲ್ಲ. ಉಚ್ಚಾರವನ್ನೂ ಬರೆದುಕೊಂಡವರು ತಮ್ಮ ಕಿವಿಗೆ ತೋಚಿದ ಸ್ಪೆಲಿಂಗಿನಲ್ಲಿ ಹಾಕಿದ್ದಾರೆ. ಹಾಗಾಗಿ ಆ ಪುಟದಲ್ಲಿ ಕೇಳಿಸುವ ದನಿ ಎಷ್ಟು ಮಟ್ಟಿಗೆ ಹೇಳಿದವರದು, ಎಷ್ಟು ಬರೆದವರದು ಅಂತ ಬಿಡಿಸಬೇಕು. ಆ ಕಾಲದಲ್ಲೇ ಕೆಲವರ ಧ್ವನಿಮುದ್ರಣವೂ ಆಗಿದೆ, ಅದನ್ನು ಕೇಳಿ ಹೋಲಿಸಬಹುದು. ಭಾಷಾವಿಜ್ಞಾನ, ಸಾಹಿತ್ಯ, ಚರಿತ್ರೆ ಮೂರೂ ಬೇಕಾಗುವ ಕೆಲಸ. ಯಾರಾದರೂ ಥೀಸಿಸ್ ವಿಷಯ ಹುಡುಕುತ್ತಿದ್ದರೆ ಇಲ್ಲಿಂದ ಶುರು ಮಾಡಿ.

ಓದಿನ ದಾರಿ

ಇಷ್ಟೆಲ್ಲ ಹೇಳಿಕೊಟ್ಟಿದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಇನ್ನೆರಡು ಕೇಳಿಬಿಡುತ್ತೇನೆ. ಮನೆಯಲ್ಲಿ ಮೊದಲು ಕೇಳುವುದು ಕೆಲಸ ಏನು ಸಿಗುತ್ತೆ ಅಂತ. ಏನು ಹೇಳಲಿ? ಮತ್ತೆ ಮೊದಲ ಸೆಮಿಸ್ಟರಿನಲ್ಲಿ ಏನೇನು ತೆಗೆದುಕೊಂಡರೆ ಒಳ್ಳೆಯದು?

ಕೆಂಪು ಪೆನ್ನು

ಕೆಲಸದ ಬಗ್ಗೆ ನಾನು ಹೇಳುತ್ತೇನೆ. ಇದೇ ಓದಿ ಪ್ರಕಾಶನದಲ್ಲಿ ಸಂಪಾದಕಿಯಾಗಿದ್ದೇನೆ. ಡಾಕ್ಟರ್, ವಕೀಲರ ಹಾಗೆ ಪದವಿಯ ಹೆಸರಿನಲ್ಲೇ ಕೆಲಸ ಇರುವುದಿಲ್ಲ, ಅದನ್ನು ಮನೆಯಲ್ಲಿ ಮುಚ್ಚಿಡಬೇಡಿ. ಮೇಷ್ಟ್ರ ಕೆಲಸಕ್ಕೆ ಹೋಗುವವರು ಜಾಸ್ತಿ, ಅದಕ್ಕೆ ಬೇರೆ ತರಬೇತಿ ಬೇಕಾಗುತ್ತದೆ. ಅನುವಾದ, ಸಬ್‌ಟೈಟಲ್, ಪತ್ರಿಕೆ, ಗ್ರಂಥಾಲಯ, ಮ್ಯೂಸಿಯಂ ಕಡೆ ಹೋದ ಗೆಳೆಯರಿದ್ದಾರೆ. ಭಾಷಾವಿಜ್ಞಾನದವರಲ್ಲಿ ಕೆಲವರು ಸ್ವಲ್ಪ ಪ್ರೋಗ್ರಾಮಿಂಗ್ ಕಲಿತು ಭಾಷಾ ತಂತ್ರಜ್ಞಾನಕ್ಕೆ ಸೇರಿದರು. ಓದುವಾಗಲೇ ಎಲ್ಲಾದರೂ ಇಂಟರ್ನ್ ಆಗಿ ಕೈ ಪಳಗಿಸಿಕೊಳ್ಳಿ. ನನಗೆ ಕೆಲಸ ಸಿಕ್ಕಿದ್ದು ಅಂಕಪಟ್ಟಿ ನೋಡಿ ಅಲ್ಲ. ಸಂದರ್ಶನದಲ್ಲಿ ಒಂದು ಹಸ್ತಪ್ರತಿ ಕೊಟ್ಟು, ಇದರಲ್ಲಿ ಏನು ಸರಿಯಿಲ್ಲ ಹೇಳಿ ಅಂದರು. ಸೆಮಿನಾರಿನಲ್ಲಿ ವರ್ಷಗಟ್ಟಲೆ ಮಾಡಿದ್ದು ಅದನ್ನೇ ಆಗಿತ್ತು.

ಒಂದು ಸೆಮಿಸ್ಟರ್ ಬ್ರಿಟನ್, ಅಮೆರಿಕ ಅಥವಾ ಇಂಗ್ಲಿಷ್ ಆಡುವ ಬೇರೆ ದೇಶದಲ್ಲಿ ಓದುವ ಅವಕಾಶ ಬಂದರೆ ಬಿಡಬೇಡಿ. ಅರ್ಜಿಯ ಗಡುವು ತುಂಬಾ ಮುಂಚೆಯೇ ಇರುತ್ತದೆ.

ಪುಟಗುರುತು

ಮೊದಲ ಸೆಮಿಸ್ಟರಿಗೆ ಭಾಷಾವಿಜ್ಞಾನದ ಪೀಠಿಕೆ, ಸಾಹಿತ್ಯದ ಪೀಠಿಕೆ, ಒಂದು ಭಾಷಾಭ್ಯಾಸ ಸಾಕು. ಇವು ಹೆಚ್ಚಾಗಿ ಕಡ್ಡಾಯವೇ ಇರುತ್ತವೆ. ಆಸೆಪಟ್ಟು ಎರಡೆರಡು ಕಾದಂಬರಿ ಸೆಮಿನಾರ್ ಹೇರಿಕೊಳ್ಳಬೇಡಿ. ಹಳೆಯ ಇಂಗ್ಲಿಷ್ ಅಥವಾ ಭಾಷಾಚರಿತ್ರೆ ಪೇಪರ್ ಇದ್ದರೆ ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ, ಧ್ವನಿಲಿಪಿ ರೂಢಿಯಾದ ಮೇಲೆ ಅದು ಸಲೀಸು. ಬೇರು ಅವರು ಹೇಳಿದ ಹಾಗೆ ಕಡ್ಡಾಯ ಯಾವುದು, ಐಚ್ಛಿಕ ಯಾವುದು ಅಂತ ಗುರುತು ಮಾಡಿ ಪಠ್ಯಕ್ರಮವನ್ನು ಇಲ್ಲೇ ಹಾಕಿ. ಒಂದೊಂದೇ ಪೇಪರ್ ನೋಡಿ ಹೇಳುತ್ತೇವೆ.